ಕೊಡೆ ಕೊಕ್ಕರೆಗಳ ಮಡು

ಕೊಕ್ಕರೆ ಬಿಚ್ಚಿದ ಕೊಡೆಯನ್ನು ಮುಚ್ಚಲೇ ಇಲ್ಲ.

ಫೈನೇಸಿ ದೋಣಿಯ ಮೂತಿಯಲ್ಲಿ ಮೊಣಕಾಲೂರಿ, ದುರ್ಬೀನು ಕಣ್ಣಿಗೊತ್ತಿಕೊಂಡು ಕಾಯುತ್ತಿದ್ದಳು. ಈ ಕಪ್ಪು ಕೊಕ್ಕರೆಗಳ ನಡತೆ ಅವಳಿಗೆ ಚೆನ್ನಾಗಿ ಗೊತ್ತು. ತೆಳ್ಳಗಿನ ನೀರಿನಲ್ಲಿ ನಿಂತು ಎರಡೂ ರೆಕ್ಕೆಗಳನ್ನು ತಲೆಯ ಸುತ್ತ ಗುಂಡಗೆ ಬಾಗಿಸಿ ನೆರಳು ಮಾಡುತ್ತವೆ. ನೆರಳೆಂದು ನಂಬಿ ಬಂದ ಮೀನನ್ನು ಕುಕ್ಕಿ, ತಟ್ಟನೆ ರೆಕ್ಕೆ ಮಡಚಿ, ಎರಡು ಹೆಜ್ಜೆ ಸರಿದು ಮತ್ತೆ ಬಿಚ್ಚುತ್ತವೆ. ಊರವರು ಕೊಡೆ ಕೊಕ್ಕರೆ ಎನ್ನುವುದು ಅದಕ್ಕೇ. ಇದು ಮಾತ್ರ ಬಿಚ್ಚಿದ್ದು ಬಿಚ್ಚಿದ ಹಾಗೇ ಇತ್ತು. ಗಾಳಿ ಬೀಸಿದಾಗ ಕೊಡೆಯಿಡೀ ಮೆಲ್ಲಗೆ ಒಂದು ಸುತ್ತು ತಿರುಗಿತು.

"ರೀ, ಸ್ವಲ್ಪ ಹತ್ರ ತಗೊಳ್ಳಿ," ಎಂದಳು.

ಗಂಡ ವೈಸನ್ ಗಣೆಯನ್ನು ಕೆಸರಿಗೆ ಊರಿ ದೂಡಿದ. ಜೊಂಡು ಎರಡೂ ಕಡೆ ಸರಸರ ಸದ್ದು ಮಾಡುತ್ತ ಸರಿದು ಮಡು ತೆರೆದುಕೊಂಡಿತು. ಅಲ್ಲಿ ಒಂದಲ್ಲ, ನೀರಿನ ತುಂಬ ಕಪ್ಪು ಕೊಡೆಗಳು ತೇಲುತ್ತಿದ್ದವು. ಕೆಲವು ದಂಡೆಯ ಕೆಸರಿನಲ್ಲಿ ಕುತ್ತಿಗೆ ತಿರುಚಿಕೊಂಡು ಬಿದ್ದಿದ್ದವು. ಒಂದು ಬೂದು ಕೊಕ್ಕರೆ ಇನ್ನೂ ಜೀವವಿದ್ದು, ಏಳಲು ನೋಡಿ ನೋಡಿ ಮುಗ್ಗರಿಸುತ್ತಿತ್ತು. ಅದರ ಕೊಕ್ಕಿನಿಂದ ಲೋಳೆ ಇಳಿಯುತ್ತಿತ್ತು.

ಫೈನೇಸಿ ನೀರಿಗಿಳಿಯಲು ಕಾಲು ಹೊರಗಿಟ್ಟಳು. ವೈಸನ್ ಅವಳ ರಟ್ಟೆ ಹಿಡಿದು ಎಳೆದ.

"ಇಳೀಬೇಡ! ಅಲ್ಲಿ ನೋಡು."

ದಂಡೆಯ ಉದ್ದಕ್ಕೂ ಬೆರಳುದ್ದದ ಮೀನುಗಳನ್ನು ಚೆಲ್ಲಿದ್ದರು. ಪ್ರತಿ ಮೀನಿನ ಹೊಟ್ಟೆ ಸೀಳಿ ಒಳಗೆ ನೇರಳೆ ಬಣ್ಣದ ಕಾಳು ತುಂಬಿದ್ದರು. ಹತ್ತಿ ಗಿಡಕ್ಕೆ ಹಾಕುವ ಔಷಧಿ. ಸಂತೆಯಲ್ಲಿ ಕಾಗದದ ಪೊಟ್ಟಣ ಕಟ್ಟಿ ಮಾರುತ್ತಾರೆ, ಜಿರಲೆ ಕೊಲ್ಲಲು ಎಂದು ಕೊಂಡುಹೋಗುವವರು ಉಂಟು. ಜೊಂಡನ್ನು ತುಳಿದು ಮಾಡಿದ ದಾರಿಯಲ್ಲಿ ಪುಕ್ಕದ ರಾಶಿ, ಕರುಳಿನ ರಾಶಿ. ಕರುಳಿನ ಮೇಲೆ ಕೂತ ನೊಣಗಳೂ ಅಲ್ಲೇ ಸತ್ತು ಬಿದ್ದಿದ್ದವು.

"ರಾತ್ರೋರಾತ್ರಿ ಬಂದು ಬಾಚ್ಕೊಂಡು ಹೋಗಿದಾರೆ. ಹೊರೋಕಾಗದಷ್ಟು ಬಿಟ್ಟಿದಾರೆ," ಎಂದ ವೈಸನ್. "ಈ ಮಡು ಯಾರಿಗೂ ಗೊತ್ತಿರ್ಲಿಲ್ವಲ್ಲೇ. ನೀನು ರೇಡಿಯೋದಲ್ಲಿ..." ಎಂದು ಶುರುಮಾಡಿದವನು ಅಲ್ಲಿಗೇ ನಿಲ್ಲಿಸಿದ.

ಪೂರ್ತಿ ಹೇಳಬೇಕಾಗಿರಲಿಲ್ಲ. ಚಿಲ್ವಾ ಸರೋವರದ ದಂಡೆಯ ಊರುಗಳಿಗೆಲ್ಲ ಕೇಳುವ ಸಣ್ಣ ರೇಡಿಯೋ ಕೇಂದ್ರ ಒಂದಿತ್ತು. ಶನಿವಾರ ಬೆಳಿಗ್ಗೆ ಸಾವಿನ ಸುದ್ದಿ, ಕಳೆದುಹೋದ ಆಡುಗಳ ಸುದ್ದಿ ಮುಗಿದ ಮೇಲೆ ಫೈನೇಸಿ ಐದು ನಿಮಿಷ ಹಕ್ಕಿಗಳ ಸುದ್ದಿ ಹೇಳುತ್ತಿದ್ದಳು. ದೋಣಿಕಟ್ಟೆಯಲ್ಲಿ ಚಹಾ, ಕರಿದ ಉಂಡೆ ಮಾರುವವಳು ಹಕ್ಕಿ ಸಂಘಕ್ಕೆ ಸೇರಿ, ಹೊರಗಿನಿಂದ ಬರುವವರಿಗೆ ದೋಣಿಯಲ್ಲಿ ಹಕ್ಕಿ ತೋರಿಸಿ, ಕಡೆಗೆ ರೇಡಿಯೋದವಳೂ ಆಗಿದ್ದಳು. "ಏನಮ್ಮಾ ಹಕ್ಕಿ ರೇಡಿಯೋ, ಈ ವಾರ ಯಾವ ಕೊಕ್ಕರೆ ಬಸುರಿ?" ಎಂದು ಗಂಡಸರು ಚಹಾ ಕುಡಿಯುತ್ತ ರೇಗಿಸುತ್ತಿದ್ದರು. "ನಿಮ್ಮ ಹೆಂಡ್ತೀನ ಕೇಳಿ, ಅವ್ರಿಗೆ ಗೊತ್ತಿರುತ್ತೆ," ಎಂದು ಅವಳೂ ಬಿಡುತ್ತಿರಲಿಲ್ಲ.

ಗೂಡು ಎಲ್ಲಿದೆ, ಹಿಂಡು ಎಲ್ಲಿದೆ ಎಂದು ಅವಳು ಯಾವತ್ತೂ ಬಿಡಿಸಿ ಹೇಳಿದವಳಲ್ಲ. ಆದರೆ ಈ ಸಲದ ವಸಂತ ಬೇರೆ ಥರ ಇತ್ತು. ಮರಗಳು ಕೆಂಪಗೆ ಚಿಗುರಿದ್ದವು. ಪ್ರಾರ್ಥನಾ ಮಂದಿರದ ಮಾವಿನಲ್ಲಿ ಉದ್ದ ಬಾಲದ ರಾಜಹಕ್ಕಿ ಗೂಡು ಹಾಕಿತ್ತು. ಅದರ ಮೇಲೆ, ಇಷ್ಟು ವರ್ಷ ಒಂದೋ ಎರಡೋ ಕಂಡಿದ್ದ ಕೊಡೆ ಕೊಕ್ಕರೆಗಳು ಹಿಂಡು ಹಿಂಡಾಗಿ ಬಂದಿಳಿದಿದ್ದವು. ಮೈಕಿನ ಮುಂದೆ ಕೂತಾಗ ಅವಳಿಗೆ ಸಂತೋಷ ತಡೆಯಲಾಗಲಿಲ್ಲ. "ಹಳೇ ದೋಣಿಕಟ್ಟೆಯ ಹಿಂದೆ ಜೊಂಡು ದಾಟಿದರೆ ಒಂದು ಮಡು ಇದೆ. ಅಲ್ಲಿ ನೀರು ಕಾಣುವುದಿಲ್ಲ, ಬರೀ ಕೊಡೆಗಳೇ ಕಾಣುತ್ತವೆ," ಎಂದುಬಿಟ್ಟಿದ್ದಳು. ಅದಾದ ಮೇಲೆ ಭಾನುವಾರ ಒಂದು ಹೋಗಿ ಇವತ್ತು ಸೋಮವಾರ.

"ರೀ," ಎಂದಳು ಫೈನೇಸಿ. ದನಿ ಅವಳದೇ ಎನ್ನಿಸಲಿಲ್ಲ. "ಇವತ್ತು ಸಂತೆ."

ವೈಸನ್ ಆಗಲೇ ದೋಣಿ ತಿರುಗಿಸುತ್ತಿದ್ದ.

ಜೊಂಡಿನೊಳಗೆ ಫೋನು ಸಿಗುವುದಿಲ್ಲ. ಬಯಲು ನೀರಿಗೆ ಬಂದ ಮೇಲೆ ಅವಳು ರೇಡಿಯೋದ ಹುಡುಗನಿಗೆ ಫೋನು ಮಾಡಿದಳು. "ಕರೆಂಟಿಲ್ಲ ಅಕ್ಕಾ, ಸಂಜೆಗೇ ಬರೋದು," ಎಂದ ಅವನು. "ಜನರೇಟರ್ ಹಾಕೋ!" ಎಂದು ಅರಚಿದಳು. "ಡೀಸೆಲ್ ಎಲ್ಲಿಂದ ತರ್ಲಿ ಅಕ್ಕಾ?" ಎಂದ. ಆಮೇಲೆ ಅವಳೂ ಒಂದು ಹಲಗೆ ತೆಗೆದುಕೊಂಡು ನೀರು ತಳ್ಳತೊಡಗಿದಳು. ಅಂಗೈ ಸುಲಿದು ರಕ್ತ ಬಂದದ್ದು ಅವಳಿಗೆ ದಡ ಸೇರಿದ ಮೇಲೇ ಗೊತ್ತಾದದ್ದು.

ಮಳೆಗೆ ಮುಂಚಿನ ಸಂತೆ ಹೇಗಿರಬೇಕೋ ಹಾಗಿತ್ತು. ಮಾರುವವರು ಬಹಳ, ಕೊಳ್ಳುವವರು ಕಡಿಮೆ. ಮನೆಮನೆಯಲ್ಲೂ ಮೆಕ್ಕೆಜೋಳದ ಕಣಜ ತಳ ಕಂಡಿತ್ತು; ನೀರು ಇಳಿದು ಮೀನೂ ಇಲ್ಲದಾಗಿತ್ತು. ಆದರೆ ಮೀನು ಮಾರುವ ಸಾಲಿನ ಕೊನೆಯಲ್ಲಿ ಜನ ಗುಂಪುಗಟ್ಟಿದ್ದರು. ಮಿಸೋಯಾ ಎಂಬ ಗಟ್ಟಿಬಾಯಿಯ ಹೆಂಗಸು ಕುಕ್ಕೆಯ ಮುಂದೆ ಕೂತು, ಹೊಗೆಗಿಟ್ಟ ಮಾಂಸದ ತುಂಡುಗಳನ್ನು ಎತ್ತಿ ಎತ್ತಿ ತೋರಿಸುತ್ತಿದ್ದಳು. "ಬಾತುಕೋಳಿ! ಕಾಡು ಬಾತು! ಈ ತಿಂಗಳು ಇನ್ನೊಂದ್ಸಲ ಸಿಗಲ್ಲ!"

"ಮಾರ್ಬೇಡಿ! ಯಾರೂ ತಗೋಬೇಡಿ! ವಿಷ ಹಾಕಿ ಕೊಂದಿರೋ ಕೊಕ್ಕರೆ ಅದು," ಎಂದು ಫೈನೇಸಿ ಗುಂಪಿನ ನಡುವೆ ನುಗ್ಗಿದಳು.

ಜನ ತಿರುಗಿ ನೋಡಿದರು. ಯಾರೋ ನಕ್ಕರು.

"ಬಂದ್ಲಪ್ಪಾ ಕೊಕ್ಕರೆಗಳ ತಾಯಿ," ಎಂದಳು ಮಿಸೋಯಾ. "ವಿಷ ಅಂತೆ ವಿಷ. ನಿನ್ನ ಹಕ್ಕಿಗಳ್ನ ತಿಂದ್ರೆ ನಿಂಗೆ ಉರಿಯುತ್ತೆ, ಅಷ್ಟೇ. ಹೋದ್ವರ್ಷ ಬಲೆ ಹಾಕ್ಬೇಡಿ ಅಂದೆ, ಸರಿ ಅಂದ್ವಿ. ಉರುಳು ಹಾಕ್ಬೇಡಿ ಅಂದೆ, ಅದಕ್ಕೂ ಸರಿ ಅಂದ್ವಿ. ಈಗ ವಿಷದ ಕತೆ ಕಟ್ಕೊಂಡು ಬಂದಿದೀಯಾ?"

"ನಾನು ನೋಡ್ಬಂದೆ ಕಣಮ್ಮಾ! ಕೊಂಡೋದವ್ರು ತಿಂದ್ರೆ ಸಾಯ್ತಾರೆ! ದಮ್ಮಯ್ಯ ಅಂತೀನಿ..."

"ಸಂಘದಿಂದ ನಿಂಗೆ ಸಂಬಳ ಬರುತ್ತೆ. ನನ್ನ ಮಕ್ಕಳ ಹೊಟ್ಟೆಗೆ ನಿನ್ನ ದುರ್ಬೀನು ಹಾಕ್ಲಾ?" ಎಂದಳು ಮಿಸೋಯಾ. ಈ ಸಲ ಬಹಳ ಜನ ನಕ್ಕರು. ಒಬ್ಬ ಮುದುಕ ಕೊಂಡ ತುಂಡನ್ನು ಎಲೆಯಲ್ಲಿ ಸುತ್ತಿಕೊಂಡು ಮೆಲ್ಲಗೆ ಹೊರಟ. ಫೈನೇಸಿ ಅವನ ಅಂಗಿ ಹಿಡಿದಳು. ಅವನು ಕೊಸರಿಕೊಂಡ.

ಇವರು ನಂಬುವುದಿಲ್ಲ ಎಂದು ಅವಳಿಗೆ ಆಗ ಅರ್ಥವಾಯಿತು. ಬೇರೆ ಯಾರು ಬಂದು ಹೇಳಿದ್ದರೂ ನಂಬುತ್ತಿದ್ದರೇನೋ, ಹಕ್ಕಿ ರೇಡಿಯೋ ಹೇಳಿದರೆ ನಂಬುವುದಿಲ್ಲ. ಪಕ್ಕದಲ್ಲಿ ಸೀಮೆಎಣ್ಣೆ ಮಾರುವವನ ಡಬ್ಬ ಬಾಯಿ ತೆರೆದಿತ್ತು. ಅವಳು ಅದನ್ನೆತ್ತಿ ಕುಕ್ಕೆಯ ಮೇಲೆ ಪೂರ್ತಿ ಸುರಿದುಬಿಟ್ಟಳು.

ಮಿಸೋಯಾ ಎದ್ದವಳೇ ಅವಳ ಕೂದಲು ಹಿಡಿದಳು. ಇನ್ನಿಬ್ಬರು ಹೆಂಗಸರು ಸೇರಿಕೊಂಡರು. ವೈಸನ್ ನಡುವೆ ಬರುವಷ್ಟರಲ್ಲಿ ಅವಳ ತುಟಿ ಒಡೆದು, ಸೊಂಟಕ್ಕೆ ಕಟ್ಟಿದ ಚಿತೆಂಜೆ ಬಟ್ಟೆ ಹರಿದಿತ್ತು. ನೆಲದ ಮೇಲೆ ಬಿದ್ದುಕೊಂಡೇ ಅವಳು ಕೇಳಿದಳು: "ಯಾರು ಕೊಟ್ರು ನಿಂಗೆ? ಅಷ್ಟು ಹೇಳು. ಇದನ್ನ ಯಾರು ತಂದ್ಕೊಟ್ರು?"

"ಯಾರೋ ಯಾಕೆ ಕೊಡ್ತಾರೆ? ನಿಮ್ಮ ಸಂಘದವನೇ, ನಿನ್ನ ಪಕ್ಕದ ಮನೆ ಸ್ಟಾಂಬುಲಿ," ಎಂದು ಮಿಸೋಯಾ ಉಗುಳಿದಳು. "ನಂಗೆ ಒಂದು ಕುಕ್ಕೆ ಕೊಟ್ಟು ಮಿಕ್ಕಿದ್ದು ಪೇಟೆಗೆ ತಗೊಂಡೋದ. ಹೋಗ್ ಕೇಳು!"

ಸ್ಟಾಂಬುಲಿ ಒಂದು ಕಾಲದಲ್ಲಿ ಹಕ್ಕಿ ಹಿಡಿಯುವವನೇ. ಸಂಘ ಶುರುವಾದಾಗ ಎಲ್ಲರ ಮುಂದೆ ತನ್ನ ಉರುಳುಗಳನ್ನು ಬೆಂಕಿಗೆ ಹಾಕಿದ್ದ. ಅವನ ಹೆಂಡತಿ ಜೇಲಿಯಾ ಫೈನೇಸಿಯ ಜೀವದ ಗೆಳತಿ. ಎರಡು ಮನೆಗೂ ಒಂದೇ ಅಂಗಳ, ಒಂದೇ ಒನಕೆ.

ಫೈನೇಸಿ ಎದ್ದು ಕೂತಳು. ನಸುಕಿನಲ್ಲಿ ದೋಣಿಗೆ ಹೊರಡುವಾಗ ಒಂಬತ್ತು ವರ್ಷದ ಮಗಳು ಅಲಿನಾಫೆಯನ್ನು ನಿದ್ದೆಗಣ್ಣಿನಲ್ಲೇ ಕೈಹಿಡಿದು ಜೇಲಿಯಾಳ ಮನೆಯಲ್ಲಿ ಬಿಟ್ಟು ಬಂದಿದ್ದಳು. "ಬೆಳಿಗ್ಗೆ ಏನಿದ್ಯೋ ಅದನ್ನ ಅವಳಿಗೂ ಒಂದು ತುತ್ತು ಹಾಕು," ಎಂದಿದ್ದಳು.

ಸಂತೆಯಿಂದ ಮನೆಗೆ ಓಡಿದ್ದು ಅವಳಿಗೆ ಆಮೇಲೆ ನೆನಪಾಗಲಿಲ್ಲ.

ಅಂಗಳದ ಒಲೆಯ ಮೇಲೆ ಮಡಕೆ ಇತ್ತು. ಜೇಲಿಯಾ ಗೋಡೆಗೊರಗಿ ಕೂತಿದ್ದಳು. ತೊಡೆಯ ಮೇಲೆ ಎರಡು ವರ್ಷದ ಮಗ ಯಂಕೋ ಮಲಗಿದ್ದ. ಫೈನೇಸಿಯ ತುಟಿಯ ರಕ್ತ ನೋಡಿ ಅವಳು, "ಅಯ್ಯೋ, ಏನೇ ಇದು? ಯಾರು ಹೊಡೆದ್ರೇ?" ಎಂದು ಏಳಹೋಗಿ, ಮತ್ತೆ ಕುಸಿದು ಕೂತಳು. "ನಂಗೂ ಯಾಕೋ ತಲೆ ಸುತ್ತುತ್ತೆ ಕಣೇ. ಇವನು ಊಟ ಮಾಡಿದವನೇ ಮಲಗ್ಬಿಟ್ಟ, ಏಳ್ತಾನೇ ಇಲ್ಲ. ಜೊಲ್ಲು ನೋಡು, ನಿಲ್ತಾನೇ ಇಲ್ಲ."

"ಅಲಿನಾಫೆ ಎಲ್ಲಿ?"

"ಮರದ ಹಿಂದೆ ವಾಂತಿ ಮಾಡ್ತಿದ್ಲು."

ಹುಡುಗಿ ಬೇವಿನ ಮರಕ್ಕೆ ಎರಡೂ ಕೈ ಊರಿ ನಿಂತಿದ್ದಳು. ತೋಳಿನ ಚರ್ಮದ ಕೆಳಗೆ ಏನೋ ಹರಿದಾಡಿದಂತೆ ಸ್ನಾಯುಗಳು ಅದುರುತ್ತಿದ್ದವು. "ಅಮ್ಮಾ, ಕಣ್ಣು ಮಂಜಾಗ್ತಿದೆ," ಎಂದಳು. ಫೈನೇಸಿ ಅವಳ ಮುಖ ಎತ್ತಿ ನೋಡಿದಳು. ಕಣ್ಣಿನೊಳಗಿನ ಕಪ್ಪು ಬೊಟ್ಟು ಸಾಸಿವೆ ಕಾಳಿಗಿಂತ ಚಿಕ್ಕದಾಗಿತ್ತು.

"ಕೊಕ್ಕರೆ ಮಾಂಸ ತಿಂದ್ಯಾ?"

"ಸ್ವಲ್ಪ. ಗಟ್ಟಿ ಇತ್ತು."

"ಯಂಕೋ?"

ಉತ್ತರ ಹೇಳಿದವಳು ಜೇಲಿಯಾ. "ಅವನಿಗಿನ್ನೂ ದವಡೆ ಹಲ್ಲು ಪೂರ್ತಿ ಬಂದಿಲ್ವಲ್ಲೇ. ಮೆತ್ತಗಿರುತ್ತೆ ಅಂತ ಲಿವರ್ ಬೇಯಿಸಿ ಹಿಸುಕಿ ಎನ್ಸಿಮಾ ಮುದ್ದೆ ಜೊತೆ ಕೊಟ್ಟೆ. ಇವ್ರು ಒಳಗಿಂದೆಲ್ಲ ಬಿಸಾಕು ಅಂದಿದ್ರು. ನಂಗೆ ಮನಸ್ಸು ಬರ್ಲಿಲ್ಲ, ಮೂರು ಹಕ್ಕೀದು ಅಷ್ಟು ಚೆನ್ನಾಗಿತ್ತು..." ಎಂದವಳು ಫೈನೇಸಿಯ ಮುಖ ನೋಡಿ ಮಾತು ನಿಲ್ಲಿಸಿದಳು. "ಯಾಕೆ? ಏನಾಗಿತ್ತು ಅದಕ್ಕೆ?"

ವೈಸನ್ ಎರಡು ಬಾಡಿಗೆ ಸೈಕಲ್ಲುಗಳನ್ನು ಸವಾರರ ಸಮೇತ ಕರೆತಂದ. ಒಂದರ ಹಿಂದೆ ಫೈನೇಸಿ ಮಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಇನ್ನೊಂದರ ಹಿಂದೆ ಜೇಲಿಯಾಳನ್ನು ಕೂರಿಸಿ, ಯಂಕೋನನ್ನು ಅವಳ ಎದೆಗೆ ಬಟ್ಟೆಯಿಂದ ಬಿಗಿದು ಕಟ್ಟಿದರು. ಅವಳು ಜಾರಿ ಬೀಳದಂತೆ ವೈಸನ್ ಬೆನ್ನಿಗೆ ಕೈಕೊಟ್ಟು ಪಕ್ಕದಲ್ಲೇ ಓಡಿದ. ಆರೋಗ್ಯ ಕೇಂದ್ರಕ್ಕೆ ಹೋಗುವ ರಸ್ತೆಯ ತುಂಬ ಮರಳು. ಸೈಕಲ್ ಹೂತಲ್ಲೆಲ್ಲ ಇಳಿದು ತಳ್ಳಬೇಕು. ಅಲಿನಾಫೆ ಮೂತ್ರ ಮಾಡಿಕೊಂಡು ತಾಯಿಯ ಬಟ್ಟೆ ನೆನೆಯಿತು. "ಬೇಗ ಅಣ್ಣಾ, ಬೇಗ," ಎಂದು ಫೈನೇಸಿ ಸವಾರನ ಬೆನ್ನು ಗುದ್ದುತ್ತಿದ್ದಳು. ಅವನು ಎದ್ದು ನಿಂತು ತುಳಿಯುತ್ತ, "ಹೊಡೀಬೇಡಿ ಅಮ್ಮಾ, ಉಸಿರಿದ್ದಷ್ಟೂ ತುಳೀತಿದೀನಿ," ಎಂದು ಏದುಸಿರಿನಲ್ಲಿ ಹೇಳಿದ. ಹಿಂದಿನಿಂದ ಜೇಲಿಯಾಳ ದನಿ ಬರುತ್ತಲೇ ಇತ್ತು. "ಯಂಕೋ, ಏಳೋ. ಯಂಕೋ, ನೋಡು ಸೈಕಲ್. ಸೈಕಲ್ ಮೇಲೆ ಹೋಗ್ತಿದೀವಿ ನೋಡೋ." ಸೇತುವೆ ದಾಟಿದ ಮೇಲೆ ಆ ದನಿ ಕೇಳಲಿಲ್ಲ. ಫೈನೇಸಿ ತಿರುಗಿ ನೋಡಲಿಲ್ಲ. ನೋಡಿದರೆ ತನ್ನ ಸೈಕಲ್ ನಿಲ್ಲಿಸಬೇಕಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಆರೋಗ್ಯ ಕೇಂದ್ರದಲ್ಲಿ ಔಷಧಿ ಇತ್ತು. ನರ್ಸ್ ಏನು ತಿಂದಳೆಂದಷ್ಟೇ ಕೇಳಿ, ಅಲಿನಾಫೆಯ ರೆಪ್ಪೆ ಎತ್ತಿ ನೋಡಿ, ಸೂಜಿ ಚುಚ್ಚಿದಳು. ನಾಡಿ ಹಿಡಿದು ಕೂತಿದ್ದು ಮತ್ತೊಂದು ಚುಚ್ಚಿದಳು. ಹುಡುಗಿಯ ಬಾಯಿಯ ಜೊಲ್ಲು ಕಡಿಮೆಯಾಗುತ್ತ ಬಂತು. ಅಷ್ಟರಲ್ಲಿ ಎರಡನೆಯ ಸೈಕಲ್ ಬಂತು. ವೈಸನ್ ಬಾಗಿಲಲ್ಲೇ ನಿಂತ. ಜೇಲಿಯಾ ತಾನೇ ನಡೆದು ಒಳಗೆ ಬಂದು, ಎದೆಯ ಗಂಟು ಬಿಚ್ಚಿ, ಮಗುವನ್ನು ನರ್ಸಿನ ಕೈಗೆ ಕೊಟ್ಟಳು. ನರ್ಸ್ ಎದೆಗೆ ಕಿವಿಯಿಟ್ಟು ಬಹಳ ಹೊತ್ತು ಕೇಳಿದಳು. ಆಮೇಲೆ ಮಗುವನ್ನು ಮೇಜಿನ ಮೇಲೆ ಮಲಗಿಸಿ, ಸೂಜಿಯನ್ನು ಜೇಲಿಯಾಳ ತೋಳಿಗೆ ಚುಚ್ಚಲು ಹೋದಳು.

"ನಂಗಲ್ಲ," ಎಂದಳು ಜೇಲಿಯಾ. "ಅವನಿಗೆ. ಮೊದ್ಲು ಅವನಿಗೆ ಕೊಡಿ."

ನರ್ಸ್ ಅವಳ ತೋಳನ್ನು ಗಟ್ಟಿಯಾಗಿ ಹಿಡಿದಳು.

ಸಂಜೆಯೊಳಗೆ ಸಂತೆಯಿಂದ ಇನ್ನೂ ನಾಲ್ಕಾರು ಜನ ಬಂದರು. ಅಂಗಿ ಕೊಸರಿಕೊಂಡು ಹೋದ ಮುದುಕನೂ ಬಂದ. ಅವರೆಲ್ಲ ಉಳಿದರು. ಸ್ಟಾಂಬುಲಿಗೆ ಸುದ್ದಿ ಮುಟ್ಟಿದ್ದು ಪೇಟೆಯಲ್ಲಿ. ಅವನು ಮಾರದೆ ಉಳಿದ ಚೀಲವನ್ನು ಹೊತ್ತುಕೊಂಡೇ ಪೊಲೀಸರ ಬಳಿ ಹೋಗಿ, ಅದನ್ನು ಅವರ ಮೇಜಿನ ಮೇಲಿಟ್ಟನಂತೆ. ಮಗನನ್ನು ಮಣ್ಣು ಮಾಡುವಾಗ ಅವನನ್ನು ಜೀಪಿನಲ್ಲಿ ಕರೆತಂದರು. ಕೈಗೆ ಬೇಡಿ ಇದ್ದುದರಿಂದ ಅವನಿಗೆ ಮಣ್ಣು ಹಾಕಲು ಆಗಲಿಲ್ಲ. ವೈಸನ್ ಒಂದು ಹಿಡಿ ಮಣ್ಣನ್ನು ತೆಗೆದು ಅವನ ಅಂಗೈಗಳ ನಡುವೆ ಇಟ್ಟ. "ಕರುಳು ತೆಗೆದ್ರೆ ಏನೂ ಆಗಲ್ಲ ಅಂತ ಎಲ್ರೂ ಹೇಳ್ತಿದ್ರು ವೈಸನಣ್ಣಾ," ಎಂದ ಸ್ಟಾಂಬುಲಿ.

ಸಾವಿನ ಮನೆಗೆ ಹೆಂಗಸರು ಹಿಟ್ಟು, ಸೌದೆ ತಂದರು. ಮಿಸೋಯಾ ಕೂಡ ಒಂದು ಬೋಗುಣಿ ಹಿಟ್ಟು ತಲೆಯ ಮೇಲೆ ಹೊತ್ತು ಬಂದಳು. ಫೈನೇಸಿಯ ಊದಿದ ತುಟಿಯನ್ನು ನೋಡಿ, ಬೋಗುಣಿ ಇಳಿಸಿ, ಅಡುಗೆಯ ಪಾತ್ರೆಗಳ ರಾಶಿಯ ಮುಂದೆ ಕೂತು ತೊಳೆಯತೊಡಗಿದಳು.

ಶನಿವಾರ ರೇಡಿಯೋದ ಹುಡುಗ ಫೋನು ಮಾಡಿದ. ಫೈನೇಸಿ ತೆಗೆಯಲಿಲ್ಲ. ಅಲಿನಾಫೆಯನ್ನು ಆರೋಗ್ಯ ಕೇಂದ್ರದಿಂದ ಕರೆತಂದು ಎರಡು ದಿನವಾಗಿತ್ತು. ಹುಡುಗಿ ತೆಳ್ಳಗಿನ ಗಂಜಿ ಕುಡಿದು ಮಲಗಿದ್ದಳು. ಫೈನೇಸಿ ಮಗಳ ಉಸಿರು ನೋಡಿ ಹೊರಗೆ ಬಂದಳು. ಬಂದಿದ್ದ ನೆಂಟರೆಲ್ಲ ಹೋಗಿ ಅಂಗಳ ಖಾಲಿಯಾಗಿತ್ತು. ಜೇಲಿಯಾ ಚಾಪೆಯ ಮೇಲೆ ಕಾಲು ನೀಡಿ ಕೂತಿದ್ದಳು. ಸಾವಿನ ಸೂತಕಕ್ಕೆ ತಲೆ ಬೋಳಿಸಿದ್ದರಿಂದ ಅವಳು ಬೇರೆ ಯಾರೋ ಹಾಗೆ ಕಾಣುತ್ತಿದ್ದಳು.

ಫೈನೇಸಿ ಚಾಪೆಯ ಅಂಚಿನಲ್ಲಿ ಕೂತಳು. ಐದು ದಿನದಿಂದ ಗಂಟಲಲ್ಲೇ ಇದ್ದದ್ದನ್ನು ಹೇಳಲೇಬೇಕಾಗಿತ್ತು.

"ಜೇಲಿಯಾ, ಆ ಮಡು ಎಲ್ಲಿದೆ ಅಂತ ನಾನೇ ಹೇಳಿದ್ದು. ರೇಡಿಯೋದಲ್ಲಿ. ನಾನು ಹೇಳ್ದೆ ಇದ್ದಿದ್ರೆ..."

"ಗೊತ್ತು," ಎಂದಳು ಜೇಲಿಯಾ.

"ಗೊತ್ತಾ?"

"ಹಿಟ್ಟು ಜರಡಿ ಹಿಡೀತಾ ಕೇಳ್ತಿದ್ದೆ. ಯಾವಾಗ್ಲೂ ಕೇಳ್ತೀನಲ್ಲ. ಯಂಕೋ ಕೂಡ ನಿನ್ನ ದನಿ ಬಂದ್ರೆ ರೇಡಿಯೋ ಹತ್ರ ಹೋಗಿ ನಿಲ್ತಿದ್ದ." ಅವಳ ದನಿಯಲ್ಲಿ ಏರಿಳಿತವೇ ಇರಲಿಲ್ಲ. "ಇವ್ರು ಆಚೆ ದೊಡ್ಡಿ ಕಟ್ತಿದ್ರು. ನಾನೇ ಕರೆದೆ. ಕೇಳಿ ಇಲ್ಲಿ, ನಮ್ಮ ಫೈನೇಸಿ ಹೇಳ್ತಿದಾಳೆ, ಹಳೇ ದೋಣಿಕಟ್ಟೆ ಹಿಂದೆ ಅಷ್ಟೊಂದು ಹಕ್ಕಿ ಇದಾವಂತೆ, ಒಂದೆರಡು ಹಿಡ್ಕೊಂಡು ಬಂದ್ರೆ ಯಾರಿಗೆ ಗೊತ್ತಾಗುತ್ತೆ, ಮಗು ಮಾಂಸ ಕಂಡು ಎಷ್ಟು ದಿನ ಆಯ್ತು, ಅಂದೆ. ಅವ್ರು ಬೇಡ ಅಂದ್ರು. ಉರುಳು ಸುಟ್ಟಾಯ್ತಲ್ಲ ಅಂದ್ರು. ನಾನು ಬಿಡ್ಲಿಲ್ಲ."

ಫೈನೇಸಿ ಕೈ ಚಾಚಿದಳು. ಜೇಲಿಯಾ ತನ್ನ ಕೈ ಹಿಂದಕ್ಕೆ ತೆಗೆಯಲಿಲ್ಲ, ಮುಂದಕ್ಕೆ ಕೊಡಲೂ ಇಲ್ಲ. ಒಳಗೆ ಅಲಿನಾಫೆ ಕೆಮ್ಮಿದಳು. ಇಬ್ಬರೂ ಒಟ್ಟಿಗೇ ಬಾಗಿಲಿನ ಕಡೆ ತಿರುಗಿ, ಮತ್ತೆ ಮುಖ ತಿರುಗಿಸಿಕೊಂಡರು.

ಅಂಗಳದ ಮೂಲೆಯಲ್ಲಿ ಸಾವಿನ ಅಡುಗೆಯ ಒಲೆಗುಂಡುಗಳು ಇನ್ನೂ ಹಾಗೇ ಇದ್ದವು. ಚೆಲ್ಲಿದ ಗಂಜಿಗೆ ನೊಣ ಮುತ್ತಿದ್ದವು. ಗೋಡೆಗೆ ಒರಗಿಸಿದ ಗುದ್ದಲಿಯ ಕಾವಿನ ತುದಿಯಲ್ಲಿ ಒಂದು ಸಣ್ಣ ಬೂದು ಹಕ್ಕಿ ಬಂದು ಕೂತಿತ್ತು. ಎದೆಯ ಮೇಲೆ ತೆಳುವಾದ ಗೀರುಗಳು. ನೆಟ್ಟಗೆ ಕೂತು, ತಲೆಯನ್ನು ಅತ್ತ ಇತ್ತ ತಿರುಗಿಸಿ, ರೆಕ್ಕೆಯನ್ನೊಮ್ಮೆ ಕೊಡವಿತು. ಬಡಗಣ ದೇಶಗಳಿಂದ ಮರಳುಗಾಡು ದಾಟಿ ಬರುವ ನೊಣಹಿಡುಕ. ಈ ವರ್ಷ ಇದೇ ಮೊದಲನೆಯದು.

ಜೇಲಿಯಾ ಅದನ್ನೇ ನೋಡುತ್ತಿದ್ದಳು.

"ಅದ್ಯಾವ ಹಕ್ಕಿನೇ?" ಎಂದು ಕೇಳಿದಳು.

ಫೈನೇಸಿ ನೋಡಿದಳು.

"ಗೊತ್ತಿಲ್ಲ ಕಣೇ," ಎಂದಳು.

ಹಕ್ಕಿ ಕಾವಿನಿಂದ ಹಾರಿ, ಗಾಳಿಯಲ್ಲಿ ಏನನ್ನೋ ಟಕ್ಕೆಂದು ಹಿಡಿದು, ತಿರುಗಿ ಬಂದು ಅದೇ ಜಾಗದಲ್ಲಿ ಕೂತಿತು.